ಬಬಲೇಶ್ವರದ ದೆವ್ವಕ್ಕೂ ಹೆಸರಿದೆ

ವಿಜಯಪುರ

ಗೋಳಗುಮ್ಮಟದಲ್ಲಿ ಕಿರುಚಿದ್ದಕ್ಕೆ ನನಗೆ ಜಪಾನ್ ಸಿಕ್ಕಿತು. ಹೀಗೆಂದರೆ ಜನ ನಗುತ್ತಾರೆ. ನಗಲಿ, ನಡೆದದ್ದು ಮಾತ್ರ ಹಾಗೆಯೇ.

ಜಪಾನಿನಿಂದ ಒಂದು ಸಿನಿಮಾ ತಂಡ ಬಂದಿತ್ತು. ಸಮುರಾಯಿ ಎಂಬ ಅವರ ಹಳೇ ಕಾಲದ ಕತ್ತಿವೀರರ ಕಥೆಯಂತೆ, ಅದರಲ್ಲಿ ದೆವ್ವಗಳೂ ಇರುತ್ತವಂತೆ. ದೆವ್ವಗಳ ಕೂಗಿಗೆ ಗುಮ್ಮಟದ ಪ್ರತಿಧ್ವನಿ ಬೇಕಾಗಿತ್ತು. ಯಾರೋ ನನ್ನ ಹೆಸರು ಹೇಳಿದರು. ನಾನು ಹುಟ್ಟಿದ್ದು ಬಬಲೇಶ್ವರದಲ್ಲಿ, ಬಾಳುತ್ತಿರುವುದು ಗುಮ್ಮಟದ ಹಿಂದಿನ ಓಣಿಯಲ್ಲಿ, ಅನ್ನ ತಿಂದದ್ದು ನಾಟಕ ಕಂಪನಿಯಲ್ಲಿ. ಕಂಪನಿಗಳು ಮುಚ್ಚಿದ ಮೇಲೆ ದೊಡ್ಡಾಟವೆಂಬ ನಮ್ಮ ಬಯಲಾಟದ ಮೇಳಕ್ಕೆ ಸೇರಿದೆ. ಮೈಕು ಕೆಟ್ಟ ರಾತ್ರಿಗಳಲ್ಲೂ ಕೊನೇ ಸಾಲಿಗೆ ಕೇಳುವ ಹಾಗೆ ಅತ್ತವಳು ನಾನು. ಗುಮ್ಮಟದ ಮೇಲಿನ ಸುತ್ತಿನಲ್ಲಿ ನಿಂತು ಒಂದು ಸಲ ಕೂಗಿದೆ. ಅದು ತಿರುಗಿ ತಿರುಗಿ ಬಂದು ನಿಲ್ಲುವಷ್ಟರಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗಿ ಕಣ್ಣರಳಿಸಿ ನನ್ನ ಕೈ ಹಿಡಿದುಕೊಂಡಿದ್ದಳು.

ಕೆಲವು ತಿಂಗಳ ಮೇಲೆ ಕರೆ ಬಂತು. ಸಿನಿಮಾದಲ್ಲಿ ಬೇರೆ ಬೇರೆ ದೇಶದ ಮುಖಗಳು ಇರಬೇಕೆಂದು ನಿರ್ದೇಶಕರು ತೀರ್ಮಾನಿಸಿದ್ದಾರೆ, ಇಂಡಿಯಾದ ಹೆಂಗಸಿನ ಪಾತ್ರ ನೀವೇ ಮಾಡಬೇಕು, ಜೊತೆಗೊಬ್ಬ ಗಂಡು ನಟನನ್ನೂ ಕರೆತನ್ನಿ ಅಂದರು. ಬಬಲೇಶ್ವರದ ಸರ್ಕಲ್ಲಿನಲ್ಲಿ ಮಾರನೇ ವಾರವೇ ಫ್ಲೆಕ್ಸ್ ಎದ್ದಿತು. 'ಜಪಾನ್ ಪರದೆಯ ಮೇಲೆ ಬಬಲೇಶ್ವರದ ಮಗಳು ಮಾಬೂಬಿ' ಎಂದು ನನ್ನ ಮೂವತ್ತು ವರ್ಷ ಹಿಂದಿನ ಫೋಟೋ ಹಾಕಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ತಿಕೋಟಾ

ಗಂಡು ನಟ ಎಂದರೆ ನನಗೆ ಹೊಳೆದದ್ದು ಗುರಪಾದ ಕಾಕಾ ಒಬ್ಬನೇ. ಘೋಣಸಗಿಯವನು, ನಮ್ಮ ಮೇಳದ ಸಾರಥಿ. ದೊಡ್ಡಾಟ ನೋಡಿದವರಿಗೆ ಸಾರಥಿ ಎಂದರೆ ಯಾರೆಂದು ಗೊತ್ತು. ರಂಗಕ್ಕೆ ರಾಜನೇ ಬರಲಿ, ರಾಕ್ಷಸನೇ ಬರಲಿ, ಅವನನ್ನು ತಡೆದು ನಿಲ್ಲಿಸಿ, ನೀನು ಯಾರು, ಯಾವ ಊರು ಎಂದು ಕೇಳುವವನು. ಹೆಸರು ಹೇಳದೆ ನಮ್ಮ ರಂಗದ ಮೇಲೆ ಯಾರೂ ಮುಂದಿನ ಹೆಜ್ಜೆ ಇಡುವಂತಿಲ್ಲ.

ಕಾಕಾ ತಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ಡಿನ ಮುಂದೆ ಕೂತಿದ್ದ. ವಿಷಯ ಹೇಳಿದೆ.

"ಜಪಾನಿಗಿ? ನಾನು ಮೀಸಿ ತಗಸಂಗಿಲ್ಲ ನೋಡ ಮಾಬೂ, ಮದಲ ಹೇಳ್ತೇನಿ" ಅಂದ.

"ಮೀಸಿ ಇದ್ದದ್ದಕ್ಕ ಕರ್ಯಾಕತ್ತಾರ ಕಾಕಾ. ಮುಳುಗಿದ ಹಡಗಿನ ಅಂಬಿಗ ನೀನು. ಸತ್ತು ದೆವ್ವ ಆಗೀದಿ."

"ಹಂಗಾರ ಊಟದ್ದ ಚಿಂತಿಲ್ಲ" ಅಂದು ಎದ್ದು, ಚೀಲದ ತುಂಬ ಒಣದ್ರಾಕ್ಷಿ ಕಟ್ಟಿಸಿದ. ದೇಶ ಬಿಟ್ಟು ಹೋಗಲು ಅವನು ಮಾಡಿಕೊಂಡ ತಯಾರಿ ಅಷ್ಟೇ.

ಸಮುದ್ರ ದಂಡೆಯ ವಸತಿಗೃಹ

ಕ್ಯೋಟೊ ದಾಟಿ ಉತ್ತರದ ಸಮುದ್ರದ ಕಡೆಗೆ ಒಂದು ಹಳ್ಳಿ. ನಮ್ಮನ್ನು ಇಳಿಸಿದ್ದು ಒಬ್ಬ ಮುದುಕಿ ನಡೆಸುವ ಮರದ ವಸತಿಗೃಹದಲ್ಲಿ. ನಮಗೆ ದುಭಾಷಿಯಾಗಿ ಸಿಕ್ಕವಳು ಯುಮಿಕೊ, ಹಿಂದಿ ಓದಿದ ಜಪಾನಿ ಹುಡುಗಿ. ಅವಳ ಹಿಂದಿ ಪುಸ್ತಕದ್ದು, ನನ್ನದು ವಿಜಯಪುರದ ಸಂತೆಯದು. ಆದರೂ ಒಂದೇ ದಿನದಲ್ಲಿ ನಾವು ಗೆಳತಿಯರಾದೆವು.

ಈ ಜನ ಚಪ್ಪಲಿಯ ವಿಷಯದಲ್ಲಿ ನಮ್ಮ ಅತ್ತೆಯರನ್ನೂ ಮೀರಿಸಿದವರು. ಬಾಗಿಲಲ್ಲಿ ಒಂದು ಜೊತೆ ಬಿಡಬೇಕು, ಒಳಗೆ ಒಂದು ಜೊತೆ ಹಾಕಬೇಕು, ಪಾಯಖಾನೆಗೆ ಮತ್ತೊಂದು. ಕಾಕಾ ಪಾಯಖಾನೆಯ ಚಪ್ಪಲಿಯಲ್ಲೇ ಊಟದ ಮನೆಗೆ ಬಂದ. ಯಾರೂ ಏನೂ ಅನ್ನಲಿಲ್ಲ, ಮುದುಕಿ ಅವನ ಕಾಲ ಬಳಿ ಕೂತು ಎರಡೂ ಚಪ್ಪಲಿಗಳನ್ನು ಮೆಲ್ಲಗೆ ಕಳಚಿಕೊಂಡು ಹೋದಳು. ನಮ್ಮಲ್ಲಾದರೆ ಊರಿಗೆಲ್ಲ ಕೇಳುವಂತೆ ಬೈದು ಮುಗಿಸುತ್ತಿದ್ದರು. ಈ ಮೌನ ಬೈಗುಳಕ್ಕಿಂತ ಖಾರವಾಗಿತ್ತು. ಕಾಕಾ ಆಮೇಲೆ ಎಲ್ಲೆಡೆ ಬರಿಗಾಲಲ್ಲೇ ಓಡಾಡಿದ.

ನನ್ನ ಸರದಿ ಮರುದಿನ ಬೆಳಿಗ್ಗೆ ಬಂತು. ಕೋಣೆಯಲ್ಲಿ ಹತ್ತಿಯ ನಿಲುವಂಗಿ ಮಡಿಸಿಟ್ಟಿದ್ದರು. ರವಿಕೆಗೆ ಹುಕ್ಕು ಹಾಕಿ ರೂಢಿಯಾದ ಕೈ ನನ್ನದು, ಹಾಗೇ ಬಲಗಡೆಯ ಅಂಚನ್ನು ಎಡಗಡೆಯ ಮೇಲೆ ತಂದು ದಾರ ಬಿಗಿದುಕೊಂಡು ಹೊರಗೆ ಬಂದೆ. ಮುದುಕಿ ಕೈಯಲ್ಲಿದ್ದ ಚಹಾದ ತಟ್ಟೆ ಅಲ್ಲೇ ಇಟ್ಟು ಓಡಿ ಬಂದು ನನ್ನ ದಾರ ಬಿಚ್ಚತೊಡಗಿದಳು. ನಾನು ಗಾಬರಿಯಾಗಿ ಅಂಗಿ ಹಿಡಿದುಕೊಂಡೆ. ಇಬ್ಬರೂ ಎಳೆದಾಡುವುದನ್ನು ನೋಡಿ ಯುಮಿಕೊ ಓಡಿ ಬಂದಳು.

"ಬಲಗಡೆ ಮೇಲೆ ಬರುವಂತೆ ಹೆಣಕ್ಕೆ ಉಡಿಸುತ್ತಾರೆ ದೀದಿ. ಬದುಕಿದವರು ಎಡಗಡೆ ಮೇಲೆ ಹಾಕಬೇಕು."

"ನಾನು ದೆವ್ವದ ಪಾತ್ರಕ್ಕೇ ಬಂದವಳು, ಸರಿಯಾಗೇ ಉಟ್ಟಿದ್ದೇನೆ ಎಂದು ಹೇಳು" ಅಂದೆ. ಅವಳು ಹೇಳಿದಳು. ಮುದುಕಿ ಬಾಯಿಗೆ ಕೈ ಹಿಡಿದು ನಕ್ಕಳು. ಆದರೂ ಅಂಗಿಯನ್ನು ಸರಿಪಡಿಸಿಯೇ ಬಿಟ್ಟಳು. ಬದುಕಿದವರನ್ನು ಹೆಣದ ಹಾಗೆ ನೋಡಲಾರೆ ಅಂದಳಂತೆ. ಹಿಂದಿನ ದಿನವಷ್ಟೇ ಕಂಡ ಹೆಂಗಸು ಹೀಗಂದದ್ದು ನನಗೆ ಬಹಳ ಹಿತವಾಯಿತು.

ಬಣ್ಣದ ಕೋಣೆ

ಸೆಟ್ಟಿನ ಬಾಗಿಲಲ್ಲೇ ದೊಡ್ಡ ಪೋಸ್ಟರು. ನಡುವೆ ಕತ್ತಿ ಹಿಡಿದ ನಾಯಕ ಕೋಫಿ. ಘಾನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದವನು, ಈ ಪಾತ್ರಕ್ಕಾಗಿಯೇ ಜಪಾನಿ ಕಲಿತವನು. ಅವನ ಸುತ್ತ ಹಲವು ದೇಶದ ಮುಖಗಳು. ಎಲ್ಲ ಜನರಿಗೂ ಜಾಗವಿರುವ ಸಮುರಾಯಿ ಸಿನಿಮಾ ಇದೇ ಮೊದಲು ಎಂದು ನಿರ್ದೇಶಕರು ನಮ್ಮನ್ನು ಬಾಗಿ ಸ್ವಾಗತಿಸಿದರು. ನಾವೂ ಬಾಗಿದೆವು. ಅವರು ಮತ್ತೆ ಬಾಗಿದರು. ಇದು ನಮ್ಮ ಬೀಗರ ಊಟದಲ್ಲಿ 'ಇನ್ನೊಂದು ಹಾಕಿಸ್ಕೊಳ್ರಿ' ಅಂದ ಹಾಗೆ, ಯಾರು ಮೊದಲು ನಿಲ್ಲಿಸಬೇಕೋ ತಿಳಿಯುವುದಿಲ್ಲ.

ಆಮೇಲೆ ನನ್ನನ್ನು ಕನ್ನಡಿಯ ಮುಂದೆ ಕೂರಿಸಿದರು. ಬಣ್ಣ ಹಚ್ಚುವವಳು ಡಬ್ಬಿಯಿಂದ ಕಂದು ಬಣ್ಣ ತೆಗೆದು ನನ್ನ ಕೆನ್ನೆಗೆ ಬಳಿಯತೊಡಗಿದಳು.

"ಇದು ಯಾಕೆ?"

"ಇಂಡಿಯಾದವರು ಅನ್ನಿಸಲಿ ಎಂದು" ಎಂದು ಯುಮಿಕೊ ತಲೆ ತಗ್ಗಿಸಿ ಅನುವಾದಿಸಿದಳು.

ಬಿಜಾಪುರದ ಬಿಸಿಲು ಐವತ್ತು ವರ್ಷ ಬಳಿದದ್ದು ಸಾಲಲಿಲ್ಲವಂತೆ! ಬಣ್ಣದ ಮೇಲೆ ಕಾಸಿನಗಲದ ಕುಂಕುಮ, ಕೊರಳಿಗೆ ಪ್ಲಾಸ್ಟಿಕ್ಕಿನ ಬುರುಡೆ ಸರ, ಕಾಲಿಗೆ ಗೆಜ್ಜೆ. ಆ ಹೊತ್ತಿಗೆ ಇನ್ನೊಂದು ಚರ್ಚೆ ಎದ್ದಿತು. ಈ ಹೆಂಗಸು ಹಿಂದೂವೋ ಮುಸ್ಲಿಮಳೋ, ಸರಿಯಾಗಿ ತೋರಿಸಬೇಕು ಎಂದು ವೇಷಭೂಷಣದವರು ಕೇಳಿದರು. ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ನಾನು ಕಾಕಾನ ಕಡೆ ನೋಡಿದೆ.

"ಫಕೀರವ್ವ ಅಂತ ಹೆಸರಿಟ್ಟಬಿಡು" ಅಂದ ಕಾಕಾ. "ನಮ್ಮ ಅಜ್ಜಿ ಹೆಸರೂ ಫಕೀರವ್ವ. ದರ್ಗಾಕ್ಕ ಹರಕಿ ಹೊತ್ತು ಹುಟ್ಟಿದಾಕಿ, ಲಿಂಗಾ ಕಟ್ಕೊಂಡ ಸತ್ತಾಳ. ಯಾವ ಕಡಿ ಅಂತ ಯಾರೂ ಕೇಳಿಲ್ಲ."

ಅದನ್ನು ಹಾಗೇ ಅನುವಾದ ಮಾಡಿಸಿದೆ. ವೇಷಭೂಷಣದವರಿಗೆ ಅರ್ಥವಾಗಲಿಲ್ಲ. ಹೆಸರಿನ ಅಗತ್ಯವಿಲ್ಲ, ಪಾತ್ರಕ್ಕೆ ಹೆಸರಿಲ್ಲ ಅಂದರು. ನಾನು ಬುರುಡೆ ಸರ ಬಿಚ್ಚಿ ಮೇಜಿನ ಮೇಲಿಟ್ಟೆ. ಹೊರಗಿನ ನಲ್ಲಿಗೆ ಹೋಗಿ ಕಂದು ಬಣ್ಣ ತೊಳೆದುಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತೆ. ಬಣ್ಣದವಳು ಮತ್ತೆ ಬಳಿಯಲು ಬಂದಳು. ನಾನು ಮತ್ತೆ ಎದ್ದು ನಲ್ಲಿಯ ಕಡೆ ಹೊರಟೆ. ಆಗ ಡಬ್ಬಿ ಮುಚ್ಚಿದಳು.

ಕಾಲಿನ ಬಗ್ಗೆಯೂ ಮಾತಾಯಿತು. ಅವರ ದೆವ್ವಗಳಿಗೆ ಕಾಲೇ ಇರುವುದಿಲ್ಲ, ಸೊಂಟದ ಕೆಳಗೆ ಬರೀ ಹೊಗೆ. ಕಾಕಾ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. "ನಮ್ಮ ದೆವ್ವಕ್ಕ ಕಾಲ ಅದಾವ, ಖರೆ ಹಿಂದ್ಮುಂದ ಅದಾವ" ಎಂದು ಕೋಣೆಯ ಉದ್ದಕ್ಕೂ ಹಿಮ್ಮುಖವಾಗಿ ನಡೆದು ತೋರಿಸಿದ. ಸೆಟ್ಟಿನ ಹುಡುಗಿಯರು ಕಿರುಚಿ ಓಡಿದರು. ಆ ದಿನ ನಾವು ನಕ್ಕದ್ದು ಅಷ್ಟೇ.

ದಂಡೆಯ ಮೇಲೆ

ಕಥೆಯನ್ನು ಪೂರ್ತಿಯಾಗಿ ಕೇಳಿದ್ದು ಆ ಮಧ್ಯಾಹ್ನ. ನಾಯಕ ಹಬ್ಶಿ. ಚಿಕ್ಕಂದಿನಲ್ಲಿ ಆಫ್ರಿಕಾದಿಂದ ಬಿಜಾಪುರದ ದರಬಾರಿಗೆ ಬಂದು, ಅಲ್ಲಿ ಬೆಳೆದು, ಗೋವೆಯಿಂದ ಹಡಗು ಹತ್ತಿ ಜಪಾನಿಗೆ ಬಂದು ಸಮುರಾಯಿ ಆದವನು. ನನಗೆ ಇದರಲ್ಲಿ ಅಚ್ಚರಿಯೇನಿರಲಿಲ್ಲ. ಹಬ್ಶಿ ಸರದಾರರ ಗೋರಿಗಳ ನಡುವೆ ಆಡಿ ಬೆಳೆದ ಮಕ್ಕಳು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಅಚ್ಚರಿಯಾದದ್ದು ನನ್ನ ಪಾತ್ರದ್ದು. ಅವನನ್ನು ಬಿಜಾಪುರದಲ್ಲಿ ಸಾಕಿದ ಹೆಂಗಸು ನಾನು. ಅವನನ್ನು ಹುಡುಕಿ ಬರುವಾಗ ಹಡಗು ಮುಳುಗಿ ಸತ್ತವಳು. ದೆವ್ವವಾಗಿ ದಂಡೆಯ ಮೇಲೆ ನಿಲ್ಲುತ್ತೇನೆ, ಅವನನ್ನು ಕಂಡು ಕಿರುಚುತ್ತೇನೆ, ಅವನು ನನ್ನನ್ನು ಕತ್ತರಿಸುತ್ತಾನೆ, ಹಳ್ಳಿಯ ಶಾಪ ತೀರುತ್ತದೆ. ಒಂದು ಮಾತಿಲ್ಲ. ಚಿತ್ರಕಥೆಯಲ್ಲಿ ನನಗಿದ್ದ ಹೆಸರು 'ಇಂಡಿಯಾದ ಹೆಣ್ಣು'.

ನಿರ್ದೇಶಕರಲ್ಲಿಗೆ ಹೋದೆ. "ಸಾಕಿದ ಮಗನನ್ನು ಕಂಡು ಯಾವ ತಾಯಿ ಕಿರುಚುತ್ತಾಳೆ? ಮಾತಾಡಿಸುತ್ತಾಳೆ" ಅಂದೆ.

ಅವರು ಸಿಟ್ಟಾಗಲಿಲ್ಲ, ಕೂತು ವಿವರಿಸಿದರು. ಪರಿಚಯವಿಲ್ಲದ್ದೇ ಭಯ ಹುಟ್ಟಿಸುತ್ತದೆ. ಹೆಸರು ಹೇಳಿದ ದೆವ್ವ ದೆವ್ವವಾಗಿ ಉಳಿಯುವುದಿಲ್ಲ. ಅದೂ ಅಲ್ಲದೆ ನಿಮ್ಮ ಊರಿನ ಹೆಸರನ್ನು ಇಲ್ಲಿ ಯಾರು ಕೇಳಿದ್ದಾರೆ? ಮೊದಲಿನ ಮಾತಿನಲ್ಲಿ ಹುರುಳಿತ್ತು, ಒಪ್ಪುತ್ತೇನೆ. ಎರಡನೆಯದು ಎದೆಗೆ ನಾಟಿತು. ಎಲ್ಲರಿಗೂ ಜಾಗವಿದೆ ಎಂದು ಬಾಗಿಲಲ್ಲಿ ಹೇಳಿದ್ದರು, ಒಳಗೆ ಹೋದರೆ ನಿಂತುಕೊಳ್ಳುವ ಜಾಗ ಮಾತ್ರ ಇತ್ತು.

ಅಷ್ಟರಲ್ಲಿ ದಂಡೆಯ ಆಚೆ ಯುದ್ಧದ ತಾಲೀಮು ಶುರುವಾಯಿತು. ಇಬ್ಬರು ಸಮುರಾಯಿಗಳು ಎದುರಾಬದುರಾಗಿ ನಿಂತರು. ಕತ್ತಿ ಎತ್ತುವ ಬದಲು ಮೊದಲು ಒಬ್ಬ ಗಟ್ಟಿಯಾಗಿ ಏನೋ ಕೂಗಿದ, ಆಮೇಲೆ ಇನ್ನೊಬ್ಬ.

"ಬೈದಾಡುತ್ತಿದ್ದಾರೆಯೇ?" ಎಂದು ಯುಮಿಕೊಳನ್ನು ಕೇಳಿದೆ.

"ಇಲ್ಲ ದೀದಿ. ಹಳೆಯ ಪದ್ಧತಿ. ನಾನು ಇಂಥ ಊರಿನವನು, ಇಂಥವರ ಮಗ ಎಂದು ಹೇಳಿಕೊಂಡೇ ಕತ್ತಿ ಎತ್ತಬೇಕು."

ನಾನೂ ಕಾಕಾನೂ ಮುಖ ಮುಖ ನೋಡಿಕೊಂಡೆವು. ಏಳು ಸಮುದ್ರದಾಚೆ ಬಂದು ನಮ್ಮ ಸಾರಥಿಯನ್ನು ಕಂಡ ಹಾಗಾಯಿತು. ಕೊಲ್ಲಲು ಬಂದವನಿಗೂ ಇಲ್ಲಿ ಹೆಸರು ಹೇಳುವ ಹಕ್ಕಿದೆ. ನನ್ನ ಊರಿನ ಹೆಂಗಸಿಗೆ ಮಾತ್ರ ಇಲ್ಲ. ಸಿಟ್ಟು ನೆತ್ತಿಗೇರಿತು.

"ಕಾಕಾ, ನಾಳೆ ನಾ ಕಿರಚಂಗಿಲ್ಲ" ಅಂದೆ.

"ತಿರಗಿ ಊರಿಗಿ ಕಳಸ್ತಾರ ಬೇ."

"ಕಳಸ್ಲಿ. ಸರ್ಕಲ್ಲಿನ್ಯಾಗ ಫ್ಲೆಕ್ಸ್ ಹಾಕ್ಯಾರ, ಊರ ಹೆಸರ ಪರದೆ ಮ್ಯಾಲ ಬರ್ತೈತಿ ಅಂತ ಕಾಯಾಕತ್ತಾರ. ಬರೇ ಕಿರಚಿ ಹೋಗಿ ಅವರ ಮುಂದ ಹೆಂಗ ನಿಂದರ್ಲಿ? ನೀ ಸಾರಥಿ ಹೌದೋ ಅಲ್ಲೋ, ಅಷ್ಟ ಹೇಳು."

ಕಾಕಾ ಒಣದ್ರಾಕ್ಷಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. "ನಲವತ್ತ ವರ್ಷ ಆತು, ಹೆಸರ ಕೇಳದ ಒಬ್ರನ್ನೂ ರಂಗಕ್ಕ ಬಿಟ್ಟಿಲ್ಲ" ಅಂದ.

ನನ್ನ ದಿನ

ಮೋಡ ಕವಿದ ಬೆಳಗು. ಅಲೆಗಳ ಅಂಚಿನಲ್ಲಿ ನನ್ನನ್ನು ನಿಲ್ಲಿಸಿದರು. ಇಳಕಲ್ ಸೀರೆ ಒದ್ದೆಯಾಗಿತ್ತು, ಮುಖ ನನ್ನದೇ ಬಣ್ಣದ್ದು. ಹಿಂದೆ ಕಾಕಾ ಮತ್ತು ಇತರ ಸತ್ತ ನಾವಿಕರು. ಎದುರಿಗೆ ಕೋಫಿ ಕತ್ತಿ ಹಿರಿದು ಬಂದ. ಕ್ಯಾಮೆರಾ ಓಡಿತು. ನಾನು ಕಿರುಚಬೇಕಾದ ಹೊತ್ತು ಬಂತು. ಬಾಯಿ ಮುಚ್ಚಿಕೊಂಡು ನಿಂತೆ.

ಅಲೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಆಗ ಬೆನ್ನ ಹಿಂದಿನಿಂದ ಕಾಕಾನ ದೊಡ್ಡಾಟದ ಗಂಟಲು ಎದ್ದಿತು.

"ಭಲಾ! ಈ ರಂಗಸ್ಥಳಕ್ಕೆ ಬಂದಂಥವರು ತಾವು ಯಾರು? ತಮ್ಮ ಊರು ಯಾವುದು? ನಾಮಾಂಕಿತವೇನು?"

"ಭಲಾ ಸಾರಥಿ, ಹಾಗಾದರೆ ಕೇಳು!" ಅಂದೆ. ಗುಮ್ಮಟದಲ್ಲಿ ಕೂಗಿದ್ದಕ್ಕಿಂತ ದೊಡ್ಡ ದನಿ ನನಗೇ ಗೊತ್ತಿಲ್ಲದೆ ಬಂತು. "ಬಿಜಾಪುರ ಸೀಮೆಯ ಬಬಲೇಶ್ವರದವಳು. ಫಕೀರವ್ವ ನನ್ನ ಹೆಸರು. ಎದುರಿಗೆ ನಿಂತವನನ್ನು ಹೆತ್ತವಳಲ್ಲ, ಹೊತ್ತವಳು. ಅವನನ್ನು ಹೆದರಿಸಲು ಬಂದಿಲ್ಲ. ಮನೆಗೆ ಕರೆಯಲು ಬಂದಿದ್ದೇನೆ!"

ಆಮೇಲೆ ನಮ್ಮ ಮಾತಿನಲ್ಲಿ ಅವನನ್ನು ಕರೆದೆ. "ಬಾರೋ ಯಪ್ಪಾ, ಎಷ್ಟ ಸೊರಗೀದಿ. ಎಷ್ಟ ಹುಡುಕಿದ್ನೋ ನಿನ್ನ."

ಕೋಫಿಗೆ ಒಂದಕ್ಷರ ತಿಳಿದಿರಲಾರದು. ಆದರೆ ಅವನ ಕತ್ತಿ ಇಳಿಯಿತು. ನಿರ್ದೇಶಕರು ಕಟ್ ಅಂದರು. ಅವರು ನನ್ನ ಬಳಿ ಬಂದು ತಣ್ಣಗೆ ಹೇಳಿದರು: ಇನ್ನೊಮ್ಮೆ ಮಾಡಿ, ಬರೆದ ಹಾಗೆ.

"ಮಾಡುವುದಿಲ್ಲ."

ಗುಮ್ಮಟದಲ್ಲಿ ಧ್ವನಿಮುದ್ರಿಸಿದ ಕಿರುಚಾಟ ತಮ್ಮ ಬಳಿ ಇದೆ, ಅದನ್ನೇ ಹಾಕಿಕೊಳ್ಳುತ್ತೇವೆ ಅಂದರು. ಅದು ನಿಜ. ನನ್ನ ಗಂಟಲನ್ನು ನಾನೇ ಕೊಟ್ಟು ಬಂದಿದ್ದೆ.

"ಹಾಕಿಕೊಳ್ಳಿ ಎಂದು ಹೇಳು ಯುಮಿಕೊ. ಬಾಯಿ ಮುಚ್ಚಿ ನಿಂತ ಹೆಂಗಸಿನ ಮೇಲೆ ಕಿರುಚಾಟ ಹಾಕಿದರೆ, ನೋಡಿದವರಿಗೆ ಕಾಣುತ್ತದೆ. ನಿಮ್ಮ ವೀರರೆಲ್ಲ ಹೆಸರು ಹೇಳಿಯೇ ಸಾಯುತ್ತಾರೆ. ನನ್ನವಳೂ ಹೇಳಿದ್ದಾಳೆ. ಹೇಳಿದ್ದನ್ನು ನುಂಗಲು ಬರುವುದಿಲ್ಲ."

ಯುಮಿಕೊ ಒಂದು ಮಾತನ್ನೂ ಬಿಡದೆ ಅನುವಾದಿಸಿದಳು. ಅವಳ ಕಿವಿ ಕೆಂಪಾಗಿದ್ದವು. ನಿರ್ದೇಶಕರು ಊಟಕ್ಕೆ ಬಿಡುವು ಕೊಟ್ಟರು. ಸಂಕಲನದಲ್ಲಿ ತೀರ್ಮಾನಿಸುತ್ತಾರಂತೆ. ಅಂದರೆ ಕತ್ತರಿ ಅವರ ಕೈಯಲ್ಲೇ ಉಳಿಯಿತು. ನಾನು ಗೆದ್ದೆ ಎಂದುಕೊಳ್ಳುವಷ್ಟು ಹುಚ್ಚಿ ಅಲ್ಲ. ಆ ಮಧ್ಯಾಹ್ನ ನಾನು ಅತ್ತೆ. ನಟನೆಯ ಅಳುವಲ್ಲ.

ಸಂಜೆ ಕೋಫಿ ನಮ್ಮ ವಸತಿಗೃಹಕ್ಕೆ ಬಂದ. ಕಾಕಾ ಅವನಿಗೆ ಒಣದ್ರಾಕ್ಷಿ ಸುರಿದ. ದಂಡೆಯಲ್ಲಿ ಅಂದದ್ದನ್ನು ನಾನು ಹಿಂದಿಯಲ್ಲಿ ಹೇಳಿದೆ, ಕೋಫಿ ಅದನ್ನು ಯುಮಿಕೊಳಿಂದ ಪೂರ್ತಿ ಕೇಳಿಸಿಕೊಂಡ. "ನನ್ನ ಪಾತ್ರ ಎಲ್ಲಿಂದ ಬಂದವನು ಎಂದು ಕೇಳಿದಾಗಲೆಲ್ಲ 'ದೂರದ ಕತ್ತಲ ನಾಡಿನಿಂದ' ಎಂದು ಬರೆದಿದ್ದಾರೆ" ಅಂದ. "ಹೇಳುವಾಗಲೆಲ್ಲ ನಾಲಗೆ ಕಹಿಯಾಗುತ್ತದೆ." ಹಬ್ಶಿ ಸರದಾರರ ಬಗ್ಗೆ, ನಮ್ಮೂರಿನ ಬಗ್ಗೆ ಕೇಳಿದ. ನಾನು ಗೊತ್ತಿದ್ದಷ್ಟು ಹೇಳಿದೆ. ಹೋಗುವಾಗ ನನ್ನ ಕಾಲು ಮುಟ್ಟಲು ಬಗ್ಗಿದ. ಕಾಕಾ ಅದನ್ನು ಯಾವಾಗ ಕಲಿಸಿದನೋ ಕಾಣೆ.

ಕೊನೆಯ ಯುದ್ಧ

ನಮ್ಮನ್ನು ಊರಿಗೆ ಕಳಿಸಲಿಲ್ಲ. ಕೊನೆಯ ಯುದ್ಧದಲ್ಲಿ ಸತ್ತವರೆಲ್ಲ ದೂರದಲ್ಲಿ ನಿಂತು ನೋಡುವ ದೃಶ್ಯಕ್ಕೆ ನಾವೂ ಬೇಕಾಗಿದ್ದೆವು. ದಿಬ್ಬದ ಮೇಲೆ ನಿಂತೆವು. ಕೆಳಗೆ ಬಯಲಿನಲ್ಲಿ ಕೋಫಿ, ಅವನೆದುರು ಶತ್ರು ಸೇನಾಪತಿಯ ಪಾತ್ರದ ಹಿರಿಯ ನಟ. ಇಂಥ ಸಿನಿಮಾಗಳಲ್ಲೇ ತಲೆ ನರೆತವರು, ಅವರೆದುರು ನಿರ್ದೇಶಕರೂ ದನಿ ತಗ್ಗಿಸುತ್ತಿದ್ದರು. ಈ ದೃಶ್ಯವನ್ನು ನಿಲ್ಲಿಸದೆ ಒಂದೇ ಉಸಿರಿನಲ್ಲಿ ತೆಗೆಯಬೇಕೆಂದು ಬೆಳಗಿನಿಂದ ತಾಲೀಮು ನಡೆದಿತ್ತು.

ಕೋಫಿ ಕತ್ತಿಯನ್ನು ಎದೆಗೆ ಹಿಡಿದು ಹೆಸರು ಹೇಳಿಕೊಳ್ಳತೊಡಗಿದ. ಅದೆಲ್ಲ ಜಪಾನಿಯಲ್ಲಿ. ನಾನು ಸಮುದ್ರದ ಕಡೆ ನೋಡುತ್ತಿದ್ದೆ. ಆ ಪರದೇಶಿ ಮಾತಿನ ನಡುವೆ ಒಮ್ಮೆಲೇ ನನ್ನೂರು ಕೇಳಿಸಿತು. ತಿರುಗಿದೆ. ಬಬಲೇಶ್ವರದ ಫಕೀರವ್ವನ ಮಗ ನಾನು, ಅನ್ನುತ್ತಿದ್ದ.

ಎದುರಾಳಿ ಹೇಳಿದ ಹೆಸರನ್ನು ಹಿಡಿದು ಉತ್ತರ ಕೊಡುವುದು ಸಮುರಾಯಿಗಳ ಪದ್ಧತಿ. ಹಿರಿಯ ನಟರು ತಲೆಯನ್ನು ತುಸುವೇ ಬಾಗಿಸಿ, ಬಬಲೇಶ್ವರದ ಫಕೀರವ್ವನ ಮಗನೇ ಎಂದು ಕರೆದು, ತಮ್ಮ ವಂಶದ ಹೆಸರು ಹೇಳಿ ಕತ್ತಿ ಎತ್ತಿದರು. ಕಾಳಗ ಶುರುವಾಯಿತು. ಯಾರೂ ಕಟ್ ಅನ್ನಲಿಲ್ಲ.

"ಮಾಬೂ," ಕಾಕಾ ನನ್ನ ತೋಳು ಹಿಡಿದು ಅಲ್ಲಾಡಿಸಿದ, "ನಿಮ್ಮೂರ ಹೆಸರ ತಗೊಂಡ್ರಲ್ಲ ಬೇ! ಇಬ್ರೂ ತಗೊಂಡ್ರು!"

"ದೆವ್ವ ಇದ್ದೀ ಕಾಕಾ, ಸುಮ್ನ ನಿಂದ್ರು" ಅಂದೆ. ನನಗೂ ನಿಲ್ಲಲು ಆಗುತ್ತಿರಲಿಲ್ಲ. ದಂಡೆಯ ಮೇಲಿನ ನನ್ನ ಮಾತನ್ನು ಕತ್ತರಿಸಬಹುದು. ಒಂದೇ ಉಸಿರಿನಲ್ಲಿ ತೆಗೆದ ಕಾಳಗದಿಂದ ನಾಯಕನ ಹೆಸರನ್ನು ಹೇಗೆ ಕತ್ತರಿಸುತ್ತಾರೆ? ಇನ್ನು ಅವನ ತಾಯಿ ಯಾರೆಂದು ತೋರಿಸದೆ ವಿಧಿಯಿಲ್ಲ.

ದೃಶ್ಯ ಮುಗಿದ ಮೇಲೆ ನಿರ್ದೇಶಕರು ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಅದನ್ನು ಮತ್ತೆ ಹಾಕಿಸಿ ನೋಡಿದರು. ಆಮೇಲೆ ಯುಮಿಕೊ ದಿಬ್ಬ ಹತ್ತಿ ಓಡಿ ಬಂದಳು.

"ದೀದಿ, ಇಬ್ಬರೂ ಹೆಸರನ್ನು ಸರಿಯಾಗಿ ಉಚ್ಚರಿಸಿಲ್ಲ ಅನ್ನಿಸುತ್ತದಂತೆ. ಡಬ್ಬಿಂಗಿಗೆ ಮೊದಲು ನೀವು ಕಲಿಸಿಕೊಡಬೇಕಂತೆ."

ಇಳಿದು ಹೋದೆ. ಕೋಫಿಯನ್ನೂ ಹಿರಿಯ ನಟರನ್ನೂ ಮರಳಿನ ಮೇಲೆ ಕೂರಿಸಿದೆ. ನಿರ್ದೇಶಕರು ನಿಂತೇ ಇದ್ದರು. ಅವರಿಗೂ ಕೈ ತೋರಿಸಿ ಕೂರಿಸಿದೆ. ಕೋಫಿ ಬೇಗ ಕಲಿತ, ಹಿರಿಯರು ತಡವಾಗಿ ಕಲಿತರು. ನಿರ್ದೇಶಕರ ನಾಲಗೆಗೆ ಬಬಲೇಶ್ವರದ ನಡುವಿನ 'ಲ' ಹೊರಳಲೇ ಇಲ್ಲ. ಹೊರಳುವ ತನಕ ನಾನು ಅವರನ್ನು ಏಳಲು ಬಿಡಲಿಲ್ಲ.